ಸುಂದರಾಬಾಯಿಯ ಗಂಡ ಎಲ್ಲಿದ್ದರೂ

ಎದ್ದ ಕೂಡಲೇ ಲಗಮಣ್ಣ ಹೆಂಡತಿಯ ಮುಖ ನೋಡಿದ. ಹೆದರಿಕೆಯ ಗುರುತು ಎಲ್ಲೂ ಇರಲಿಲ್ಲ. ಧರ್ಮಶಾಲೆಯ ಪಡಸಾಲೆಯಲ್ಲಿ, ಗುಜರಾತಿನ ಯಾವಳೋ ಮುದುಕಿ ಮತ್ತು ನಾಸಿಕದ ಯಾವನೋ ಮುದುಕನ ನಡುವೆ, ಸುಂದರಾ ತನ್ನ ಕೌದಿಯ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಊರಲ್ಲಿ, ಐಗಳಿಯ ಮನೆಯ ಹಿತ್ತಲಲ್ಲಿ ಕೂತಾಗ ಹೇಗೋ ಹಾಗೆಯೇ, ಹಲ್ಲಿನಲ್ಲಿ ದಾರ ಕಚ್ಚಿಕೊಂಡು. ಅವನಿಗೆ ಸಿಟ್ಟು ಬಂತು. ಮುಂಬಯಿಗೆ ಬಂದು ಇದು ಎರಡನೆಯ ಬೆಳಗು. ಬೋರಿಬಂದರ ಸ್ಟೇಶನ್ನಿನಲ್ಲಿ ಇಳಿದಾಗ ಬಿಗಿದುಕೊಂಡ ಅವನ ಹೊಟ್ಟೆ ಇನ್ನೂ ಸಡಿಲಾಗಿರಲಿಲ್ಲ. ನಸುಕಿನಲ್ಲೇ ಎದ್ದು ಕಕ್ಕಸಿನ ಪಾಳಿಯಲ್ಲಿ ನಿಂತಿದ್ದ. ಒಳಗೆ ಹೋಗಿ ಕೂತದ್ದೇ ತಡ, ಹೊರಗಿನವರು ಬಾಗಿಲು ಬಡಿಯತೊಡಗಿದರು. ಬರಬೇಕಾದದ್ದು ಹೆದರಿ ಒಳಗೇ ಉಳಿಯಿತು. ತಾನು ಮುಗಿಸಿದೆನೆಂಬಂತೆ ಮುಖ ಮಾಡಿಕೊಂಡು ಹೊರಗೆ ಬಂದು, ಮತ್ತೆ ಮಲಗಿ, ನಿದ್ದೆ ಹೋಗಿದ್ದವನಂತೆ ಈಗ ಎದ್ದಿದ್ದ.

"ನಿದ್ದಿ ಬಂತೇನ?" ಎಂದು ಕೇಳಿದ, ಬರಲಿಲ್ಲ ಅನ್ನಲಿ ಎಂಬ ಆಸೆಯಿಂದ.

"ಬರದ ಏನ್ರಿ. ಸತ್ತಂಗ ಬಿದ್ದಿದ್ದೆ. ಇವತ್ತ ಸಮುದ್ರ ತೋರಸ್ತೀರಲ್ಲ?"

"ತೋರಸ್ತೀನಿ. ಸಮುದ್ರ ಏನ ಓಡಿ ಹೋಗತೈತೇನ?"

ಓಡಿಹೋಗುವುದಿಲ್ಲ ಸರಿ, ಆದರೆ ಎಲ್ಲಿದೆ? ಲಗಮಣ್ಣನಿಗೆ ಗೊತ್ತಿರಲಿಲ್ಲ. ಅವನು ಸುಳ್ಳು ಹೇಳುವವನಲ್ಲ ಎಂದು ಅವನೇ ಎಷ್ಟೋ ಜನಕ್ಕೆ ಹೇಳಿದ್ದ. ಹರೆಯದಲ್ಲಿ ಅಪ್ಪನ ಕೂಡ ಜಗಳಾಡಿ ಮನೆ ಬಿಟ್ಟು ಓಡಿಹೋದದ್ದು ನಿಜ. ಓಡಿ ಮಿರಜ ಮುಟ್ಟಿ, ಸ್ಟೇಶನ್ನಿನ ಹೊರಗಿನ ಹೊಟೆಲಿನಲ್ಲಿ ಕಪ್ಪುಬಶಿ ತೊಳೆದದ್ದೂ ನಿಜ. ಅಲ್ಲಿಂದಾಚೆಗೆ ಮುಂಬಯಿಯ ಗಾಡಿಗಳು ಅವನನ್ನು ಬಿಟ್ಟೇ ಹೋಗುತ್ತಿದ್ದವು. ಆದರೆ ಚಹಾ ಕುಡಿಯಲು ಕೂತವರ ಬಾಯಿಂದ ಉದುರಿದ ಮುಂಬಯಿಯನ್ನೆಲ್ಲ ಅವನು ಕಪ್ಪುಬಶಿಯ ಜೊತೆಗೆ ಎತ್ತಿಟ್ಟುಕೊಂಡಿದ್ದ. ಊರಿಗೆ ತಿರುಗಿ ಬಂದ ಮೇಲೆ ಅವನ ಮನೆಯ ಕಟ್ಟೆಯ ಮೇಲೆ ಅದು ವರುಷದಿಂದ ವರುಷಕ್ಕೆ ಬೆಳೆಯಿತು. ಮುಂಬಯಿಯಲ್ಲಿ ನಡೆಯುತ್ತಿದ್ದವನು ನಡುವೆ ಹಿಂದಕ್ಕೆ ತಿರುಗಲು ಬರುವುದಿಲ್ಲ, ಹಿಂದಿನ ಮಂದಿ ಬಿಡುವುದಿಲ್ಲ, ಚಪ್ಪಲಿ ಮರೆತವನು ದಾದರಿನವರೆಗೆ ಹೋಗಿಯೇ ತಿರುಗಿ ಬರಬೇಕು ಎಂದು ಹೇಳಿದ್ದ. ಪಾರಸೀ ಸಾಹುಕಾರನೊಬ್ಬನ ಕುದುರೆಗೆ ತಾನು ಕನ್ನಡ ಕಲಿಸಿದ್ದೇನೆ, ಇಂದಿಗೂ ಅಲ್ಲಿ ಯಾರಾದರೂ "ನಿಂದರೋ ತಮ್ಮಾ" ಅಂದರೆ ಅದು ನಿಂತು ಕಣ್ಣೀರು ಹಾಕುತ್ತದೆ ಎಂದು ಹೇಳಿದ್ದ. ದ್ರಾಕ್ಷಿಯ ಲಾರಿ ಹತ್ತಿ ನಿಜವಾಗಿಯೂ ಮುಂಬಯಿ ನೋಡಿ ಬಂದಿದ್ದ ಕಾಕಾಸಾಹೇಬ ಕೂಡ ಇದನ್ನು ಅಲ್ಲಗಳೆಯಲಿಲ್ಲ. ಅವನು ನೋಡಿದ ಮುಂಬಯಿಗಿಂತ ಲಗಮಣ್ಣನದು ಚೆನ್ನಾಗಿತ್ತು.

ಇದನ್ನೆಲ್ಲ ಸುಂದರಾ ಒಳಗೆ ರೊಟ್ಟಿ ಬಡಿಯುತ್ತ ಕೇಳಿದ್ದಳು. ನಂಬಿದ್ದಳೋ ಇಲ್ಲವೋ ಅವನು ಎಂದೂ ಕೇಳಿರಲಿಲ್ಲ. ಕೇಳಲು ಧೈರ್ಯ ಸಾಲದು. ನಿಪ್ಪಾಣಿಗೆ ಹೆಣ್ಣು ನೋಡಲು ಹೋದ ದಿನ ಅವಳು ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಮಂದಿ ಬಂದರೂ ಕೈ ನಿಲ್ಲಿಸಲಿಲ್ಲ. ಬೆರಳು ಎಲೆಯ ಮೇಲೆ, ಕಣ್ಣು ಅವನ ಮೇಲೆ. ಆ ಕಣ್ಣಿಗೆ ಅವನು ಅಂದೇ ಹೆದರಿದ್ದ. ಈ ಸಲ ಕಬ್ಬು ಕಾರಖಾನೆಗೆ ಹೋಗಿ ಕೈಗೆ ಬಿಡುವಾದಾಗ, ಕಟ್ಟೆಯ ಮೇಲೆ ಮಂದಿ ತುಂಬಿದ್ದ ಹೊತ್ತು ನೋಡಿ, ಅವಳು ಹೊಸ್ತಿಲಲ್ಲಿ ನಿಂತು, "ಊರಿಗೆಲ್ಲಾ ಮುಂಬೈ ತೋರಿಸಿದ್ರಿ. ಮನ್ಯಾಗಿನಾಕಿಗೆ ಯಾವಾಗ್ರಿ?" ಎಂದಳು. ಕಾಕಾಸಾಹೇಬ, "ವೈನಿ ಖರೇ ಅಂದ್ರು ನೋಡಪಾ" ಎಂದ. ಅಲ್ಲಿಗೆ ಮುಗಿಯಿತು. ಮಿರಜಿನಲ್ಲಿ ರೇಲ್ವೆ ಹತ್ತುವಾಗ ಲಗಮಣ್ಣ ತನ್ನ ಹಳೆಯ ಹೊಟೆಲಿನ ಕಡೆಗೆ ಮುಖ ತಿರುಗಿಸಲಿಲ್ಲ, ಅದು ಗುರುತು ಹಿಡಿದು ಕೂಗಿಬಿಟ್ಟೀತು ಎಂಬಂತೆ. ಗಾಡಿಯ ಡಬ್ಬಿಯಲ್ಲಿ ಕಕ್ಕಸಿನ ಬಾಗಿಲ ಬುಡದಲ್ಲಿ ಗಂಟಿನ ಮೇಲೆ ಕೂತು ಬಂದರು. ದಾರಿಯಲ್ಲೇ ಸುಂದರಾ ಕರಾಡದ ಹೆಂಗಸೊಬ್ಬಳ ಕೂಡ ಮರಾಠಿಯಲ್ಲಿ ಮಾತಿಗೆ ಬಿದ್ದು, ಪುಕ್ಕಟೆ ಇಳಿದುಕೊಳ್ಳಲು ಒಂದು ಧರ್ಮಶಾಲೆ ಇದೆಯೆಂದು ತಿಳಿದುಕೊಂಡಳು. "ನನಗ ಗೊತ್ತಿದ್ದದ್ದ ಐತಿ ಅದು" ಎಂದ ಲಗಮಣ್ಣ. "ಹೌದ್ರಿ?" ಎಂದಳು ಅವಳು. ಆಮೇಲೆ ಆ ಧರ್ಮಶಾಲೆಯ ಲೆಕ್ಕ ಬರೆಯುವ ಮುನೀಮ, ಮೊದಲು ಮುಂಬಯಿಯಲ್ಲಿ ಎಲ್ಲಿದ್ದಿರಿ ಎಂದು ಸುಮ್ಮನೆ ಕೇಳಿದ. ಲಗಮಣ್ಣ ದಾದರ ಎಂದ. ದಾದರಿನಲ್ಲಿ ಯಾವ ಗಲ್ಲಿ ಎಂದು ಅವನು ಕೇಳಿದಾಗ ಲಗಮಣ್ಣನಿಗೆ ಕೆಮ್ಮು ಬಂತು. ಮುನೀಮ ಎದ್ದು ನೀರು ತರುವವರೆಗೂ ನಿಲ್ಲಲಿಲ್ಲ. ಸುಂದರಾ ಬೆನ್ನು ತಿಕ್ಕಿದಳು. ಇಳಿದುಕೊಂಡ ಚೀಟಿಯನ್ನು ಮಡಚಿ ತನ್ನ ಸಂಚಿಯಲ್ಲಿ ಇಟ್ಟುಕೊಂಡಳು.

ರೊಟ್ಟಿ, ಶೇಂಗಾ ಚಟ್ನಿ ತಿಂದು ಗಂಟು ಕಟ್ಟಿಕೊಂಡು ಹೊರಬಿದ್ದರು. ಪಡಸಾಲೆಯಲ್ಲಿ ಗಂಟು ಬಿಟ್ಟು ಹೋಗುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಇಷ್ಟಾದರೂ ಅವಳು ಹೆದರಿದ್ದಾಳಲ್ಲ ಎಂದು ಅವನಿಗೆ ಸ್ವಲ್ಪ ಸಮಾಧಾನವಾಯಿತು. ಮೊದಲ ರಸ್ತೆ ದಾಟುವಾಗಲೇ ಅದು ಹೋಯಿತು. ಎರಡು ಅಂತಸ್ತಿನ ಕೆಂಪು ಬಸ್ಸೊಂದು ಮೈಮೇಲೆ ಬಂದಂತಾಗಿ, ಅವನು ಬೆದರಿದ ಎತ್ತಿನ ಮುಂದೆ ನಿಂತಂತೆ ಎರಡೂ ಕೈ ಚಾಚಿ "ಹೋ, ಹೋ" ಎಂದುಬಿಟ್ಟ. ಬಸ್ಸಿನ ಮೇಲಂತಸ್ತಿನಿಂದ ಯಾರೋ ನಕ್ಕರು. ಸುಂದರಾ ಆಚೆ ದಂಡೆ ಮುಟ್ಟಿ, ಗಂಟು ತಲೆಯ ಮೇಲೆ ಸರಿಮಾಡಿಕೊಳ್ಳುತ್ತ, ಬರ್ರಿ ಎಂಬಂತೆ ನಿಂತಿದ್ದಳು. ಯಾರನ್ನಾದರೂ ದಾರಿ ಕೇಳಿದರೆ ತನಗೆ ಗೊತ್ತಿಲ್ಲವೆಂದು ಅವಳಿಗೆ ಗೊತ್ತಾಗುತ್ತದೆ. ಕೇಳದಿದ್ದರೆ ಸಮುದ್ರ ಸಿಕ್ಕುವುದಿಲ್ಲ. ಆಗ ಅವನಿಗೆ ಕಬ್ಬಿನ ಗದ್ದೆ ನೆನಪಾಯಿತು. ಆಯುಷ್ಯವೆಲ್ಲ ನೀರು ಹಾಯಿಸಿದವನು ತಾನು. ನೀರು ಇಳಿಜಾರಿಗೇ ಹೋಗುತ್ತದೆ, ಊರ ನೀರೆಲ್ಲ ಹೋಗಿ ಸೇರುವುದು ಸಮುದ್ರವನ್ನೇ ಅಲ್ಲವೆ. ರಸ್ತೆಯ ಬದಿಯ ಗಟಾರದಲ್ಲಿ ಕಪ್ಪು ನೀರು ಹರಿಯುತ್ತಿತ್ತು. ಅದರ ದಿಕ್ಕು ಹಿಡಿದು ಗಂಭೀರವಾಗಿ ನಡೆದ. ಗಟಾರ ಬಲಕ್ಕೆ ತಿರುಗಿತು, ಅವರೂ ತಿರುಗಿದರು. ಬಟ್ಟೆಯಂಗಡಿಗಳ ಹಿಂದೆ ಹೋಯಿತು, ಅವರೂ ಹೋದರು. ಕಡೆಗೆ ಒಂದು ಕಲ್ಲುಚಪ್ಪಡಿಯ ಕೆಳಗೆ ನುಗ್ಗಿ ಕಾಣೆಯಾಯಿತು. ಲಗಮಣ್ಣ ಅದರ ಮೇಲೆ ನಿಂತು, ಗದ್ದೆಯ ಒಡ್ಡಿನ ಮೇಲೆ ನಿಂತವನ ಹಾಗೆ ಸೊಂಟದ ಮೇಲೆ ಕೈ ಇಟ್ಟು ಸುತ್ತ ನೋಡಿದ. ಇನ್ನೊಂದು ಗಟಾರ ಹಿಡಿದರು. ಬಿಸಿಲೇರಿದಾಗ ತಲೆ ಎತ್ತಿದರೆ ಎದುರಿಗೆ ಬೋರಿಬಂದರದ ಗಡಿಯಾರವಿತ್ತು. ಮತ್ತೆ ಹೊರಟು, ಮತ್ತೆ ತಲೆ ಎತ್ತಿದರೆ ಅದೇ.

"ಈ ಗಡಿಯಾರ ಮುಂಜಾನಿಂದ ನಮ್ಮ ಬೆನ್ನ ಹತ್ತೈತ್ರಿ" ಎಂದಳು ಸುಂದರಾ.

"ಮುಂಬೈದಾಗ ಇಂಥಾವು ಭಾಳ ಅದಾವ."

"ಹೌದ್ರಿ?"

ಆ 'ಹೌದ್ರಿ'ಯ ಒಳಗೆ ಏನಿತ್ತೆಂದು ತಿಳಿಯಲು ಅವನು ಅವಳ ಮುಖ ನೋಡಿದ. ಏನೂ ಇರಲಿಲ್ಲ. ನೆರಳಿಗೆಂದು ಸ್ಟೇಶನ್ನಿನ ಒಳಗೆ ಹೋದರು. ಅಲ್ಲಿ ಒಂದು ಕಂಬದ ಹತ್ತಿರ ಅವನನ್ನು ನಿಲ್ಲಿಸಿ, "ನೀವು ದಣದೀರಿ. ಇಲ್ಲೇ ನಿಂದರ್ರಿ, ನಾ ಆ ಹೂವಿನ ಬಾಯಿನ್ನ ಕೇಳಿ ಬರ್ತೀನಿ" ಎಂದು ಹೇಳಿ ಅವಳು ಗೋಡೆಯ ಬದಿಗೆ ಹೂ ಕಟ್ಟುತ್ತ ಕೂತಿದ್ದ ಹೆಂಗಸಿನ ಕಡೆಗೆ ಹೋದಳು. ಲಗಮಣ್ಣ ನೋಡುತ್ತ ನಿಂತ. ಅವಳು ಕುಕ್ಕರಗಾಲಲ್ಲಿ ಕೂತಳು. ಏನೋ ಕೇಳಿದಳು. ಹೂವಿನ ಹೆಂಗಸು ಕೈ ಎತ್ತಿ ಒಂದು ದಿಕ್ಕು ತೋರಿಸಿದಳು. ಅವರು ಮುಂಜಾನೆಯಿಂದ ಬೆನ್ನು ಕೊಟ್ಟು ನಡೆದಿದ್ದ ದಿಕ್ಕು ಅದು. ಆಮೇಲೆ ಸುಂದರಾ ಇನ್ನೇನೋ ಹೇಳಿದಳು, ಇಬ್ಬರೂ ನಕ್ಕರು. ಎರಡು ದಿನದಿಂದ ತಾನು ಉಗುಳು ನುಂಗಲೂ ಹೆದರುತ್ತಿರುವ ಊರಿನಲ್ಲಿ ಅವಳು ನಕ್ಕಳು. ಗಟಾರದ ಮಾತು ಹೇಳಿರಬೇಕು. ಹೆದರುವುದು ಅವನಿಗೆ ಹೊಸದಲ್ಲ, ಆದರೆ ಒಬ್ಬನೇ ಹೆದರುವುದು ಸಾಕಾಗಿತ್ತು. ಅವಳೂ ಒಂದಿಷ್ಟು ಹೆದರಲಿ, ತಿರುಗಿ ನೋಡಿದಾಗ ಗಂಡನಿಲ್ಲ, ದೇಶವೆಲ್ಲ ಪರಕೀಯ, ಎಂದು ಎದೆ ಝಲ್ಲೆನ್ನಲಿ, ಕಣ್ಣಲ್ಲಿ ನೀರು ಬರಲಿ, ಆಗ ತಾನು ಮೆಲ್ಲಗೆ ಮುಂದೆ ಬಂದು "ಯಾಕ, ಹೆದರಿದೇನ?" ಎನ್ನಬೇಕು. ಇಷ್ಟೇ ಅವನಿಗೆ ಬೇಕಾದದ್ದು. ಒಂದು ಹೆಜ್ಜೆ ಸರಿದು ಅವನು ಕಂಬದ ಹಿಂದೆ ನಿಂತುಕೊಂಡ.

ಕಂಬದ ಅಂಚಿನಿಂದ ಒಂದೇ ಕಣ್ಣಲ್ಲಿ ನೋಡಿದ. ಅವಳು ಎದ್ದಳು, ತಿರುಗಿದಳು. ಕಂಬದ ಕಡೆಗೆ ನೋಡಿದಳು. ಈಗ ಹೆದರುತ್ತಾಳೆ. ಅವಳು ಗಂಟು ಕೆಳಗಿಟ್ಟು, ಸೆರಗು ಬಿಚ್ಚಿ ಮತ್ತೆ ಸೊಂಟಕ್ಕೆ ಸಿಕ್ಕಿಸಿದಳು. ಈಗ. ಗಂಟು ಎತ್ತಿ ತಲೆಯ ಮೇಲೆ ಇಟ್ಟುಕೊಂಡಳು. ಅವಳ ಮುಖ ರೊಟ್ಟಿ ಬಡಿಯುವಾಗ ಇರುವಂತೆಯೇ ಇತ್ತು. ಇನ್ನೊಂದಿಷ್ಟು ತಡೆದರೆ ಬರುತ್ತದೆ ಎಂದು ಅವನು ತಡೆದ. ಆಗಲೇ ಯಾವುದೋ ಗಾಡಿ ಬಂದು ನಿಂತು ಮಂದಿಯನ್ನು ಸುರಿಯಿತು. ಬಿಳಿ ಅಂಗಿ, ಬ್ಯಾಗು, ಡಬ್ಬಿ, ಮೊಣಕೈ. ಕಾಲುವೆ ಒಡೆದಂತೆ ಅವರೆಲ್ಲ ನಡುವೆ ಹರಿದುಹೋದರು. ಹರಿದು ಮುಗಿದಾಗ ಗೋಡೆಯ ಬದಿಗೆ ಹೂವಿನ ಹೆಂಗಸು ಇದ್ದಳು. ಸುಂದರಾ ಇರಲಿಲ್ಲ.

ಮೊದಲು ಅವನು ನಕ್ಕ, ಯಾರೋ ನೋಡುತ್ತಿದ್ದಾರೆಂಬಂತೆ. ಆಮೇಲೆ ಕಂಬ ಬಿಟ್ಟು ಹೊರಗೆ ಬಂದು ಆ ಕಡೆ ಹೋದ, ಈ ಕಡೆ ಹೋದ. ಹೂವಿನ ಹೆಂಗಸನ್ನು ಕೇಳಬೇಕೆಂದರೆ, ಗಟಾರದ ಮನುಷ್ಯ ತಾನೇ ಎಂದು ಅವಳಿಗೆ ಗೊತ್ತಿದೆ. ಕೇಳಲಿಲ್ಲ. ಗಾಡಿ ಬಿಡುವ ಕಡೆಗೆ ಓಡಿದ. ತಲೆಯ ಮೇಲೆ ಗಂಟಿದ್ದ ಒಬ್ಬಳ ಹಿಂದೆ ಬಿದ್ದು "ಏ, ಏ" ಎಂದ. ಅವಳು ತಿರುಗಿ ಬೈದಳು, ಬೇರೆ ಯಾವುದೋ ಭಾಷೆಯಲ್ಲಿ. ಧರ್ಮಶಾಲೆಗೆ ಹೋಗಿ ಕಾಯಬಹುದು ಎಂದುಕೊಂಡ. ಅದರ ಹೆಸರೇನು? ಹೆಸರು ಚೀಟಿಯ ಮೇಲಿದೆ, ಚೀಟಿ ಸಂಚಿಯಲ್ಲಿದೆ, ಸಂಚಿ ಅವಳ ಸೊಂಟದಲ್ಲಿದೆ. ಮಂದಿ ಭುಜ ತಾಗಿಸಿ ಹೋಗುತ್ತಿದ್ದರು, ಯಾರೂ ಅವನನ್ನು ನೋಡುತ್ತಿರಲಿಲ್ಲ. ತಾನು ಸತ್ತರೂ ಇವರು ಹೀಗೆಯೇ ದಾಟಿಕೊಂಡು ಹೋಗುತ್ತಾರೆ. ಅವಳು ಸತ್ತರೆ? ಆ ಬಸ್ಸು, ಆ ಕೆಂಪು ಬಸ್ಸು. ಊರಿಗೆ ಹೇಗೆ ಹೋಗುವುದು, ಕಟ್ಟೆಯ ಮೇಲೆ ಕೂತವರಿಗೆ ಏನು ಹೇಳುವುದು? ಕೇಳಿಕೊಂಡದ್ದೇ ತಡ, ಒಳಗಿನಿಂದ ಕತೆ ತಾನೇ ಎದ್ದು ಬಂತು. ಸಮುದ್ರದ ದಂಡೆಯ ಮೇಲೆ ಇಬ್ಬರೂ ನಿಂತಿದ್ದೆವು, ಕಾಕಾಸಾಹೇಬ. ತೆರೆ ಒಂದು ಬಂತು ನೋಡು, ಬೋರಿಬಂದರದಷ್ಟು ಎತ್ತರ. ನಾನು ಅವಳ ಸೆರಗು ಹಿಡಿದೆ, ಸೆರಗು ಕೈಯಲ್ಲಿ ಉಳಿಯಿತು. ಇಲ್ಲಿ ಸ್ವಲ್ಪ ನಿಲ್ಲಿಸಬೇಕು, ಮಂದಿ ತ್ಚ್ ತ್ಚ್ ಎನ್ನುತ್ತಾರೆ, ಯಾರಾದರೊಬ್ಬರು ಚಹಾ ತರಿಸುತ್ತಾರೆ. ಸೆರಗಿನ ಬಣ್ಣ ಹೇಳಿದರೆ ಇನ್ನೂ ಚೆನ್ನ. ಅವಳು ಮುಂಜಾನೆ ಉಟ್ಟಿದ್ದ ಸೀರೆಯ ಬಣ್ಣ ಯಾವುದು? ನೆನಪಾಗಲಿಲ್ಲ. ಮುಂಜಾನೆಯಿಂದ ಅವಳ ಮುಖದಲ್ಲಿ ಹೆದರಿಕೆ ಹುಡುಕಿದ್ದ, ಸೀರೆ ನೋಡಿರಲಿಲ್ಲ. ಹಸಿರು ಎಂದು ಇಟ್ಟುಕೊಂಡ. ಇಟ್ಟುಕೊಂಡೆನೆಂದು ತಿಳಿದ ಕ್ಷಣ ಲಗಮಣ್ಣ ಕೈಯಿಂದ ಬಾಯಿ ಮುಚ್ಚಿಕೊಂಡ. ಅವಳು ಎಲ್ಲಿದ್ದಾಳೋ ತಿಳಿಯದು, ತಾನು ಇಲ್ಲಿ ನಿಂತು ಅವಳಿಗೆ ಸಾಯುವ ಸೀರೆ ಉಡಿಸುತ್ತಿದ್ದೇನೆ. ಬಸ್ಸಿಗೆ ಹೆದರಿದ್ದ, ಮುನೀಮನಿಗೆ ಹೆದರಿದ್ದ, ಕಕ್ಕಸಿಗೂ ಹೆದರಿದ್ದ. ತನ್ನ ಸ್ವಂತ ಬಾಯಿಗೆ ಹೆದರಿದ್ದು ಇದೇ ಮೊದಲು.

ಆಗ ಮೇಲೆಲ್ಲೋ ಕರಕರ ಎಂದು ಸದ್ದಾಗಿ, ಗಾಡಿಗಳ ಸುದ್ದಿ ಹೇಳುವ ದನಿ ಮರಾಠಿಯಲ್ಲಿ ಬೇರೇನೋ ಹೇಳತೊಡಗಿತು. ಅಥಣಿ ತಾಲೂಕು ಐಗಳಿಯ ಸುಂದರಾಬಾಯಿಯವರ ಗಂಡ ಎಲ್ಲಿದ್ದರೂ ಚೌಕಶಿ ಖೋಲಿಗೆ, ವಿಚಾರಣೆಯ ಕೋಣೆಗೆ, ಬರಬೇಕು. ಗಂಡನ ಹೆಸರನ್ನು ಹೇಳಲು ಆ ಹೆಂಗಸು ಒಪ್ಪುತ್ತಿಲ್ಲ. ಧೋತರ, ಬಿಳಿ ಟೊಪ್ಪಿಗೆ, ನಡುವಯಸ್ಸು. ಹೆದರಿರುತ್ತಾರೆ. ಕಂಡವರು ಬೈಯಬಾರದು, ಕೈಹಿಡಿದು ಕರೆದುಕೊಂಡು ಬರಬೇಕು. ಮರಾಠಿ ಮುಗಿಸಿ ಅದನ್ನೇ ಹಿಂದಿಯಲ್ಲಿ ಹೇಳಿತು. ಅವಳು ಬದುಕಿದ್ದಾಳೆ ಎಂಬುದು ಅವನಿಗೆ ಹೊಳೆದದ್ದು ಆಮೇಲೆ. ಮೊದಲು ಕಿವಿಗೆ ಬಿದ್ದದ್ದು 'ಹೆದರಿರುತ್ತಾರೆ.' ಬೋರಿಬಂದರವೆಲ್ಲ ಕೇಳಿತು. ಕೂಲಿಗಳು ಕೇಳಿದರು, ಗಾಡಿಯ ಇಂಜಿನ್ನು ಕೇಳಿತು. ಮದುವೆಯಾದಂದಿನಿಂದ ಅವಳು ಅವನ ಹೆಸರು ಹಿಡಿದವಳಲ್ಲ, ಅವರ ಕಡೆ ಯಾವ ಹೆಂಗಸೂ ಹಿಡಿಯುವುದಿಲ್ಲ. ಹೆಸರಿನ ಜಾಗಕ್ಕೆ ಅವನ ಹೆದರಿಕೆಯನ್ನು ಕೊಟ್ಟಿದ್ದಳು. ಅವನು ಟೊಪ್ಪಿಗೆ ತೆಗೆದು ಅಂಗಿಯ ಕಿಸೆಗೆ ತುರುಕಿದ. ಇನ್ನು ಯಾರೂ ಗುರುತು ಹಿಡಿಯರು. ಬರಿದಾದ ನೆತ್ತಿಗೆ ಗಾಳಿ ತಾಗಿತು. ಮನೆಯಲ್ಲಿ ಸಾವಾದಾಗ ಬಿಟ್ಟರೆ ಅವನ ತಲೆ ಎಂದೂ ಬರಿದಾದದ್ದಿಲ್ಲ. ಗಡಬಡಿಸಿ ಟೊಪ್ಪಿಗೆ ತೆಗೆದು ಎರಡೂ ಕೈಯಿಂದ ಒತ್ತಿ ಇಟ್ಟುಕೊಂಡ. ಇದನ್ನೆಲ್ಲ ಒಬ್ಬ ಪೋಲೀಸ ನೋಡುತ್ತಿದ್ದ.

"ಐಗಳಿಯವ ನೀನ ಏನ್?" ಎಂದು ಮರಾಠಿಯಲ್ಲಿ ಕೇಳಿದ.

"ನಾ ಅಲ್ಲರಿ" ಎಂದ ಲಗಮಣ್ಣ, ತನ್ನ ಮುರುಕು ಮರಾಠಿಯಲ್ಲಿ.

"ಹೆದರಿದಿಯೇನ?"

"ಇಲ್ಲರಿ."

"ನಡಿ" ಎಂದು ಪೋಲೀಸ ಅವನ ಕೈಹಿಡಿದ. ಬೈಯಲಿಲ್ಲ, ಎಳೆಯಲಿಲ್ಲ. ಜಾತ್ರೆಯಲ್ಲಿ ಸಿಕ್ಕ ಕೂಸನ್ನು ಒಯ್ಯುವಂತೆ, ಬೆರಳಲ್ಲಿ ಬೆರಳು ಹೆಣೆದು, ಮಂದಿಯ ನಡುವಿನಿಂದ ಕರೆದುಕೊಂಡು ಹೋದ. ಬೈದಿದ್ದರೆ ಚೆನ್ನಾಗಿತ್ತು ಎಂದು ಲಗಮಣ್ಣನಿಗೆ ಅನ್ನಿಸಿತು.

ಚೌಕಶಿ ಖೋಲಿಯ ಬೆಂಚಿನ ಮೇಲೆ ಆಗಲೇ ನಾಲ್ವರು ಕೂತಿದ್ದರು. ನಾಲ್ವರಿಗೂ ಧೋತರ, ನಾಲ್ವರಿಗೂ ಬಿಳಿ ಟೊಪ್ಪಿಗೆ, ನಾಲ್ವರದೂ ನಡುವಯಸ್ಸು. ನಾಲ್ವರೂ ಎಷ್ಟು ಹೆದರಿದ್ದರೆಂದರೆ, ಬೆಂಚು ತಾನೇ ನಡುಗುತ್ತಿರುವಂತೆ ಕಾಣುತ್ತಿತ್ತು. ಒಬ್ಬ ಬಾರ್ಶಿಯವನು, ಒಬ್ಬ ಕರಾಡದವನು, ಒಬ್ಬನಿಗೆ ತಾನು ಎಲ್ಲಿಯವನೆಂದು ಹೇಳುವುದಕ್ಕೂ ಬಾಯಿ ಬರುತ್ತಿರಲಿಲ್ಲ. ಪುಣ್ಯವಂತರು ಒಬ್ಬೊಬ್ಬರನ್ನೇ ಕೈಹಿಡಿದು ತಂದು ಕೂಡಿಸಿ ಹೋಗಿದ್ದರು. ಪೋಲೀಸ ಐದನೆಯವನನ್ನು ಕೂಡಿಸಿದ. ಸುಂದರಾ ಎದುರಿನ ಗೋಡೆಗೆ ಒರಗಿ, ಗಂಟು ಕಾಲ ಬಳಿ ಇಟ್ಟುಕೊಂಡು ನಿಂತಿದ್ದಳು. ಅವಳ ಸೀರೆ ಕಂದು ಬಣ್ಣದ್ದು. ಅವಳ ಕಣ್ಣು ಬೆಂಚಿನ ಆ ತುದಿಯಿಂದ ಈ ತುದಿಗೆ ಬಂದು, ಅವನ ಮೇಲೆ ಬಂದು, ನಿಲ್ಲದೆ ಬಾಗಿಲಿಗೆ ಹೋಯಿತು. ಇವಳು ತನ್ನನ್ನು ಆರಿಸದಿದ್ದರೆ?

"ಬಾಯಿ, ನೋಡಿ ಹೇಳ್ರಿ, ಇದರಾಗ ನಿಮ್ಮವರು ಯಾರು?" ಎಂದು ಖೋಲಿಯ ಕಾರಕೂನ ಮರಾಠಿಯಲ್ಲಿ ಕೇಳಿದ. ಅವನಿಗೆ ಸಾಕಾಗಿತ್ತು. ಅವಳು ಬಗ್ಗಿ ಗಂಟಿನ ಕಟ್ಟು ಬಿಗಿದಳು. ಅವನು ಬೆಂಚಿನ ಕಡೆಗೆ ತಿರುಗಿ, "ನೀವಾದ್ರೂ ಹೇಳ್ರಿ. ತಪ್ಪಿಸಿಕೊಂಡವರು ಕೈ ಎತ್ತರಿ" ಎಂದ.

ನಾಲ್ಕು ಕೈಗಳು ಎದ್ದವು. ಲಗಮಣ್ಣನ ಪಕ್ಕದವನ ಕೈ ಅರ್ಧಕ್ಕೆ ಎದ್ದು ಅಲ್ಲೇ ನಿಂತಿತ್ತು.

"ನಿನ್ನ ಹೆಂಡ್ತಿ ಏನೋ?" ಎಂದು ಅವನನ್ನು ಕಾರಕೂನ ಗದರಿಸಿದ.

"ಅಲ್ಲರಿ ಸಾಹೇಬ. ನಾ ಜತ್ತಿನ ವಿಠೋಬಾ. ನನ್ನ ಹೆಣ್ತಿ ಸತ್ತ ಭಾಳ ವರ್ಷ ಆತು" ಎಂದು ಅವನು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಹೇಳಿದ. "ಆದರೂ ಯಾರೋ ಹುಡುಕಾಕತ್ತಾರಂತ ಮ್ಯಾಲಿಂದ ಒದರಿದ್ರಲ್ರಿ. ನೋಡಿ ಬರೂಣು ಅಂತ ಬಂದೆ."

ಯಾರೂ ನಗಲಿಲ್ಲ. ಕಾರಕೂನ ಲಗಮಣ್ಣನನ್ನು ನೋಡಿದ. "ನೀ ಯಾಕ ಕೈ ಎತ್ತಲಿಲ್ಲ?"

ಎತ್ತಬೇಕೆಂದೇ ಇತ್ತು. ಕೈ ತೊಡೆಯ ಮೇಲಿಂದ ಎದ್ದೂ ಇತ್ತು. ಆದರೆ ಬಾಯಿ ಅದಕ್ಕಿಂತ ಮುಂದಾಯಿತು. "ನಾ ಎಲ್ಲಿ ತಪ್ಪಿಸಿಕೊಂಡೀನ್ರಿ?" ಎಂದು ಅದು ಕನ್ನಡದಲ್ಲೇ ಹೇಳಿತು. "ನನಗ ಮುಂಬೈ ಅಂದ್ರ ಮನಿ ಹಿತ್ತಲ ಇದ್ದಂಗ. ನಾ ದಾದರಿಗೆ ಹೋಗಿ ತಿರುಗಿ ಬರಾಕತ್ತಿದ್ದೆ."

"ಅವರ ನೋಡ್ರಿ" ಎಂದಳು ಸುಂದರಾ. "ತಪ್ಪಿಸಿಕೊಂಡಿಲ್ಲ ಅಂತಾರಲ್ಲ, ಅವರ ನಮ್ಮವರು."

ವಿಠೋಬಾ ಅದನ್ನು ಕಾರಕೂನನಿಗೆ ಮರಾಠಿಯಲ್ಲಿ ತಿಳಿಸಿ ಹೇಳಿದ. ಕಾರಕೂನ ನಕ್ಕ, ಪೋಲೀಸ ನಕ್ಕ, ಬಾರ್ಶಿಯವನೂ ನಕ್ಕ. ಲಗಮಣ್ಣ ಎದ್ದು ನಿಂತ. ಬೆಂಚಿನ ಮೇಲೆ ಅವನ ಜಾಗದಷ್ಟು ಖಾಲಿಯಾಯಿತು, ವಿಠೋಬಾ ಅಲ್ಲಿಗೆ ಸರಿಯಲಿಲ್ಲ.

ಇಬ್ಬರೂ ಹೊರಗೆ ಬಿಸಿಲಿಗೆ ಬಂದರು. ಅವನು ಒಂದು ಮಾತು ತಯಾರು ಮಾಡಿಟ್ಟುಕೊಂಡಿದ್ದ, ಕಂಬದ ಹತ್ತಿರ ಯಾರೋ ಪರಿಚಯದವರು ಸಿಕ್ಕರು ಎಂದು. ರಸ್ತೆಯ ಅಂಚಿಗೆ ಬಂದಾಗ ಅವಳೇ ಹೇಳಿದಳು.

"ಕಂಬದ ಹಿಂದ ನಿಮ್ಮ ಧೋತರದ ಚುಂಗ ಕಾಣತಿತ್ರಿ."

ಲಗಮಣ್ಣ ಎದುರಿನ ಬಸ್ಸು ನೋಡಿದ.

"ಬೇಕಂತ ನಿಂತಾರ ಅಂತ ಗೊತ್ತಾತು. ಸಿಟ್ಟ ಬಂತು. ನಾನೂ ಒಂದೀಟ ಮರಿಗೆ ಹೋಗಿ ನಿಂತೆ, ಹುಡುಕಿ ಹೆದರಲಿ ಅಂತ. ಮಂದಿ ಬಂತು. ಮಂದಿ ಹೋದಮ್ಯಾಲೆ ನೋಡಿದ್ರ ಕಂಬ ಇತ್ತು, ಚುಂಗ ಇರಲಿಲ್ಲ." ಅವಳು ತಲೆಯ ಮೇಲಿನ ಗಂಟು ಹಿಡಿದುಕೊಂಡಳು. "ನಿಪ್ಪಾಣಿಗೂ ದಾರಿ ಗೊತ್ತಿಲ್ಲ, ಐಗಳಿಗೂ ಗೊತ್ತಿಲ್ಲ. ಯಾ ಬಾಯಿಲೆ ಹೋಗಿ ಊರಾಗ ಹೇಳ್ಲಿರಿ, ನಾನ ಅಡಗಿ ನಿಂತು ಕಳಕೊಂಡೆ ಅಂತ?"

ಅವಳು ಅವನ ಮುಂಗೈ ಹಿಡಿದಳು. ಅವಳ ಕೈ ತಣ್ಣಗಿತ್ತು, ಬೆವತಿತ್ತು. ಅವನು ಮುಖ ನೋಡಿದ. ಎರಡು ದಿನದಿಂದ ಹುಡುಕಿದ್ದು ಅಲ್ಲಿ ಇತ್ತು, ಬಿಸಿಲಿನಷ್ಟು ಸ್ಪಷ್ಟವಾಗಿ. 'ಯಾಕ, ಹೆದರಿದೇನ?' ಎಂದು ಕೇಳುವ ಹೊತ್ತು ಇದೇ. ಬಾಯಿ ತೆರೆದ, ಇಷ್ಟು ವರ್ಷ ಒಮ್ಮೆಯೂ ಕೈಕೊಡದ ಬಾಯಿ ಒಣಗಿಹೋಗಿತ್ತು. ಕೆಂಪು ಬಸ್ಸು ಒಂದು ಹೋಯಿತು, ಅದರ ಹಿಂದೆ ಇನ್ನೊಂದು. ಆಚೆ ದಂಡೆ ಬಹಳ ದೂರವಿತ್ತು. ಮುಂಜಾನೆ ಅಲ್ಲಿ ನಿಂತು ಬರ್ರಿ ಎಂದವಳು ಈಗ ಇಲ್ಲಿ, ಅವನ ಪಕ್ಕದಲ್ಲಿ, ಅವನಷ್ಟೇ ಹೆದರಿ ನಿಂತಿದ್ದಳು. ಇನ್ನು ಮುಂಬಯಿಯಲ್ಲಿ ಅವನಿಗೆ ಆಸರೆಯಾಗಲು ಹೆದರದವರು ಯಾರೂ ಉಳಿದಿರಲಿಲ್ಲ.

"ನಡೀರಿ" ಎಂದಳು ಸುಂದರಾ.

"ಹೂಂ, ನಡಿ" ಎಂದ ಲಗಮಣ್ಣ.

ಇಬ್ಬರೂ ಕೈ ಬಿಡಲಿಲ್ಲ. ಇಬ್ಬರೂ ಹೆಜ್ಜೆ ಎತ್ತಲಿಲ್ಲ.